ನಾಗಣ್ಣನ ದವಡೆಯ ಅಳತೆ

ನಾಗಣ್ಣನಿಗೆ ಆ ದಿನ ಬಂದ ತಾಪತ್ರಯಕ್ಕೆಲ್ಲ ಮೂಲ ಒಂದು ಉಕ್ಕಿನ ಗುಂಡು. ಜೋಳದ ಕಾಳಿಗಿಂತ ತುಸು ದಪ್ಪ ಇದ್ದೀತು, ಅಷ್ಟೆ. ಅದನ್ನು ಹಲ್ಲಿನ ಡಾಕ್ಟರು ಅಂಜನಾ ಬೆಳಗಾಗುತ್ತಲೇ ಅವನ ಕೆಳಗಿನ ಹಲ್ಲಿನ ಸೆಟ್ಟಿಗೆ ಗುಲಾಬಿ ಮೇಣ ಹಚ್ಚಿ ಕೂಡಿಸಿ, "ಕಾಕಾ, ಇದು ನನ್ನ ಅಳತಿಕೋಲು ಇದ್ದಂಗ. ಕಲಬುರಗಿಗೆ ಹೋಗಿ ಎಕ್ಸ್‌ರೇ ತಗಿಸಿ ಬರೋತನ ಇದಕ್ಕ ಏನೂ ಆಗಬಾರದು," ಅಂದಿದ್ದಳು.

ಕಮಲಾಪುರದ ಬಸ್ ಸ್ಟ್ಯಾಂಡಿನ ಎದುರಿಗೆ ಖಡಕ್ ರೊಟ್ಟಿಯ ಅಂಗಡಿ ಅವರದು. ರೊಟ್ಟಿ ಬಡಿಯುವವಳು ಸೂಗಮ್ಮ, ಗಲ್ಲಾದ ಮೇಲೆ ಕೂಡುವವನು ಗಂಡ ನಾಗಣ್ಣ. ಬಹಳ ವರ್ಷ ಹೀಗೇ ನಡೆದಿತ್ತು. ಲಗ್ನಕ್ಕೆ, ತೊಟ್ಟಿಲಿಗೆ, ಮನೆಯ ಶಾಂತಿಗೆ ಗಂಟುಗಟ್ಟಲೆ ರೊಟ್ಟಿ ಒಯ್ಯುವವರು ಬಂದರೆ ಆ ಅಂಗಡಿಗಳ ಸಾಲಿನಲ್ಲಿ ಒಂದು ಪದ್ಧತಿ ಇತ್ತು. ಅಂಗಡಿಯವನೇ ಗಂಟಿನ ಮೇಲಿನ ರೊಟ್ಟಿ ಎತ್ತಿ ಗಿರಾಕಿಯ ಮುಂದೆ ಕಡಿದು ತಿನ್ನಬೇಕು. ಕಟಂ ಅಂತ ಸಪ್ಪಳ ಬರಬೇಕು. ಆ ಸಪ್ಪಳ ಕೇಳಿದ ಮೇಲೆಯೇ ಗಿರಾಕಿ ಚೀಲ ಬಿಚ್ಚುವುದು. ನಾಗಣ್ಣ ಕಡಿದರೆ ರಸ್ತೆಯ ಆಚೆ ಮಲಗಿದ ನಾಯಿ ಕಿವಿ ನಿಮಿರಿಸುತ್ತಿತ್ತು.

ಆಮೇಲೆ ಹಲ್ಲುಗಳು ಒಂದೊಂದಾಗಿ, ಬೇಸಿಗೆಯಲ್ಲಿ ಊರು ಬಿಟ್ಟು ದುಡಿಯಲು ಹೋಗುವವರಂತೆ, ಹೊರಟುಹೋದವು. ಮೇಲಿನವೂ ಹೋದವು, ಕೆಳಗಿನವೂ ಹೋದವು. ಕಟ್ಟಿಸಿದ ಸೆಟ್ಟಿನಲ್ಲಿ ಮೇಲಿನದು ಅಂಗುಳಕ್ಕೆ ಅಂಟಿ ಕೂತಿತು. ಕೆಳಗಿನದು ಮಾತ್ರ ಹೊಸ ಸೊಸೆ ತವರಿಗೆ ಹೊರಟಂತೆ ಯಾವಾಗಲೂ ಹೊರಬಾಗಿಲಲ್ಲೇ. ಒಂದು ದಿನ ಲಗ್ನದ ಗಿರಾಕಿ ಬಂದು ನಿಂತಾಗ ನಾಗಣ್ಣ ಧೈರ್ಯ ಮಾಡಿ ರೊಟ್ಟಿ ಕಡಿದ. ಸಪ್ಪಳವೇನೋ ಬಂತು. ಬಾಯಿಂದ ರೊಟ್ಟಿ ತೆಗೆದರೆ ಅದರ ಅಂಚಿಗೆ ಕೆಳಗಿನ ಸೆಟ್ಟು ಕಚ್ಚಿಕೊಂಡು ನಿಂತಿತ್ತು. ಗಿರಾಕಿ ಚೀಲ ಮಡಚಿಕೊಂಡು ಪಕ್ಕದ ಅಂಗಡಿಗೆ ಹೋದ.

ಸೂಗಮ್ಮ ಬೈಯಲಿಲ್ಲ. ಮರುದಿನ ನೋಡಿದರೆ ಗಲ್ಲಾದ ಮೇಲೆ ಅವಳ ತಮ್ಮ ಅಮರನಾಥ ಕೂತಿದ್ದ. ದಪ್ಪ ಮೀಸೆ, ಅದರ ಕೆಳಗೆ ಮೂವತ್ತೆರಡು ಹಲ್ಲು. ನಾಗಣ್ಣನಿಗೆ ಹಿತ್ತಲಲ್ಲಿ ನೀರು ತುಂಬುವುದು, ಶೇಂಗಾ ಹಿಂಡಿ ಕುಟ್ಟುವುದು.

ಹಿಂಡಿ ಕುಟ್ಟಿ ಕುಟ್ಟಿ ಬೇಸತ್ತು ಅವನು ಅಂಜನಾಳ ದವಾಖಾನೆಗೆ ಹೋಗಿದ್ದ. ಅವಳು ಬಾಯಲ್ಲಿ ಬೆರಳಿಟ್ಟು ಒಸಡು ಸವರಿ ನೋಡಿ, "ಕೆಳಗಿನ ಎಲುಬು ಸವದದ ಕಾಕಾ. ಅದಕ್ಕೇ ಸೆಟ್ಟು ನಿಂದ್ರಂಗಿಲ್ಲ," ಅಂದಳು.

"ಎಲುಬು ಯಾಕ ಸವೀತದ ಡಾಕ್ಟರಮ್ಮ? ನಾ ಏನು ಅದರ ಮ್ಯಾಲ ನಡದಾಡೀನೇನು?"

"ಹಲ್ಲು ಹೋದ ಮ್ಯಾಲ ಅದಕ್ಕ ಕೆಲಸ ಇರಂಗಿಲ್ಲ. ಹುಡುಗರಿಲ್ಲದ ಸಾಲಿ ಸರಕಾರ ಮುಚ್ಚತದಲ್ಲ, ಹಂಗ. ಕೆಲಸಿಲ್ಲದ ಎಲುಬು ಮೈ ವಾಪಸ್ ತಗೋತದ."

"ಮೈಯಾಗೂ ಸರಕಾರ ಅದ ಅಂದಂಗಾಯ್ತು."

ಅಂಜನಾ ನಕ್ಕು ಉಪಾಯ ಹೇಳಿದಳು. ಕೆಳಗಿನ ದವಡೆಯ ಮುಂಭಾಗದಲ್ಲಿ ಎರಡು ಸ್ಕ್ರೂ ಕೂಡಿಸುವುದು, ಸೆಟ್ಟಿನ ಅಡಿಗೆ ಟಿಚ್ ಬಟನ್ ಇದ್ದಂತೆ ಮಾಡುವುದು. ಒತ್ತಿದರೆ ಟಕ್ ಅಂತ ಕೂಡುತ್ತದೆ. ರೊಟ್ಟಿ ಏನು, ಕಬ್ಬನ್ನೂ ಕಡಿಯಬಹುದು. ಆದರೆ ಸ್ಕ್ರೂ ಇಳಿಯಬೇಕಾದರೆ ಎಲುಬು ಹನ್ನೆರಡು ಮಿಲಿಮೀಟರ್ ಎತ್ತರ ಉಳಿದಿರಬೇಕು. ಉಳಿದಿದೆಯೋ ಇಲ್ಲವೋ ಅಳೆಯಬೇಕು.

ಅಳೆಯುವ ಮಷೀನು ಇರುವುದು ಕಲಬುರಗಿಯಲ್ಲಿ. "ಆ ಮಷೀನು ಇದ್ದದ್ದಕ್ಕಿಂತ ದೊಡ್ಡದು ಮಾಡಿ ತೋರಸ್ತದ ಕಾಕಾ. ಎಷ್ಟು ದೊಡ್ಡದು ಅಂತ ಅದೇನು ಹೇಳಂಗಿಲ್ಲ. ಈ ಗುಂಡು ಬರೋಬ್ಬರಿ ಐದು ಮಿಲಿಮೀಟರ್. ಫೋಟೋದಾಗ ಗುಂಡು ಎಷ್ಟು ಉಬ್ಬೇದ ಅಂತ ನೋಡ್ತೀನಿ. ಎಲುಬೂ ಅಷ್ಟೇ ಉಬ್ಬಿರ್ತದ. ಅದನ್ನ ಇಳಿಸಿ ಲೆಕ್ಕ ಮಾಡ್ತೀನಿ."

ನಾಗಣ್ಣನಿಗೆ ಅರ್ಧ ತಿಳಿಯಿತು. ಉಳಿದರ್ಧಕ್ಕೆ ತಲೆ ಆಡಿಸಿದ.

ಹೊರಡುವಾಗ ಸೂಗಮ್ಮ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. "ಅಳತಿ ಬಂತಂದ್ರ ಗಲ್ಲಾ ನಿಮ್ದು. ಬರಲಿಲ್ಲಂದ್ರ ಹಿತ್ತಲ ನಿಮ್ದು. ಮತ್ತ ನನ್ನ ಕೇಳಬ್ಯಾಡ್ರಿ."

"ಸಾವಕಾಶ ಬರ್ರಿ ಮಾಮಾ. ಗಲ್ಲಾದ ಫಿಕರ್ ಮಾಡಬ್ಯಾಡ್ರಿ," ಅಂದ ಅಮರನಾಥ, ಗಾದಿಯ ಮೇಲೆ ಇನ್ನಷ್ಟು ಒರಗಿ.

ಬಸ್ಸಿನಲ್ಲಿ ನಾಗಣ್ಣ ಕಿಟಕಿಯ ಪಕ್ಕ ಕೂತು, ಸೆಟ್ಟು ಇಟ್ಟ ಸ್ಟೀಲಿನ ಡಬ್ಬಿಯನ್ನು ಎರಡೂ ಕೈಯಲ್ಲಿ ಎದೆಗೆ ಹಿಡಿದುಕೊಂಡಿದ್ದ. ಬಾಯಲ್ಲಿಟ್ಟುಕೊಂಡರೆ ಅದು ಹಾರುತ್ತದೆ, ಕಿಸೆಯಲ್ಲಿಟ್ಟರೆ ಮೇಣ ಒತ್ತುತ್ತದೆ. ಪಕ್ಕದ ಸೀಟಿಗೆ ಓಣಿಯ ಬಳೆಗಾರ್ತಿ ಮಸ್ತಾನಬಿ ಬುಟ್ಟಿಯ ಸಮೇತ ಬಂದು ಕೂತಳು. ಹಿಂದಿನ ಸೀಟಿಗೆ ರಿಟೈರ್ ಆದ ಸೂರ್ಯಕಾಂತ ಮಾಸ್ತರರು. ಮಾಸ್ತರರಿಗೆ ಸಾಲಿ ಬಿಟ್ಟಿದ್ದರೂ ಕಲಿಸುವ ಚಾಳಿ ಬಿಟ್ಟಿರಲಿಲ್ಲ.

"ಡಬ್ಬ್ಯಾಗ ಏನದ ನಾಗಣ್ಣ ಭಾಯಿ?" ಅಂದಳು ಮಸ್ತಾನಬಿ. "ಕೂಸಿನ ಹಿಡ್ಕೊಂಡಂಗ ಹಿಡ್ಕೊಂಡೀರಿ."

"ಏನಿಲ್ಲ ಆಪಾ. ಅಡಕಿ."

"ಅಡಕಿ? ನಿಮಗ?"

ಮಾಸ್ತರರು ಹಿಂದಿನಿಂದ ಕುತ್ತಿಗೆ ಚಾಚಿದರು. ಹಲ್ಲಿಲ್ಲದವನ ಡಬ್ಬಿಯಲ್ಲಿ ಅಡಿಕೆ ಅಂದರೆ ಯಾರಿಗಾದರೂ ಸಂಶಯ ಬರುವುದೇ. ಸುಳ್ಳು ಹೇಳುವಾಗಲೂ ತುಸು ವಿಚಾರ ಮಾಡಬೇಕಿತ್ತು ಅಂತ ನಾಗಣ್ಣನಿಗೆ ಅನಿಸಿತು. ಬೇರೆ ದಾರಿ ಇಲ್ಲದೆ ಡಬ್ಬಿ ತೆರೆದು, ಡಾಕ್ಟರಮ್ಮ ಹೇಳಿದ್ದನ್ನೆಲ್ಲ ತನಗೆ ತಿಳಿದಷ್ಟು ಹೇಳಿದ.

"ಇಲ್ಲಿ ಕೊಡು ನೋಡೂಣು," ಅಂತ ಮಾಸ್ತರರು ಸೆಟ್ಟನ್ನು ಕೈಗೆ ತೆಗೆದುಕೊಂಡೇ ಬಿಟ್ಟರು. ಎದ್ದು ನಿಂತು ಒಂದು ಕೈಯಿಂದ ಮೇಲಿನ ಕಂಬಿ, ಇನ್ನೊಂದು ಕೈಯಿಂದ ನಾಗಣ್ಣನ ಹಲ್ಲು ಹಿಡಿದು, "ನೋಡ್ರಿ, ಇದಕ್ಕ ಪ್ರಮಾಣ ಅಂತಾರ," ಅಂತ ಬಸ್ಸಿಗೆಲ್ಲ ಕೇಳುವಂತೆ ಪಾಠ ಶುರುಮಾಡಿದರು. ಮುಂದಿನವರಿಗೆ ಕಾಣಲಿಲ್ಲ. ಅವರು ಕೇಳಿದರು, ಮಾಸ್ತರರು ಕೊಟ್ಟರು. ಹಿಂದಿನವರು ತಮಗೂ ಅಂದರು. ಸೆಟ್ಟು ಕೈಯಿಂದ ಕೈಗೆ ದಾಟಿ ಪ್ರಸಾದದ ತಾಟಿನಂತೆ ಕೊನೆಯ ಸೀಟಿನವರೆಗೂ ಹೋಯಿತು. ಯಾರೋ ಗುಂಡನ್ನು ಬೆರಳಿಂದ ಒತ್ತಿ ನೋಡಿದರು, ಯಾರೋ ಉಗುರಿನಿಂದ ಮೀಟಿ ನೋಡಿದರು. ನಾಗಣ್ಣ ಸೀಟಿನಿಂದ ಅರ್ಧ ಎದ್ದು, "ಸಾಕ್ರಿ, ಸಾಕ್ರಿ," ಅನ್ನುತ್ತಿದ್ದ.

ಅಷ್ಟರಲ್ಲಿ ರಸ್ತೆಯ ಉಬ್ಬು ಬಂತು. ಬಸ್ಸು ಕುಪ್ಪಳಿಸಿತು. ಸೆಟ್ಟು ಒಬ್ಬನ ಕೈಯಲ್ಲೇ ಉಳಿಯಿತು, ಗುಂಡು ಉಳಿಯಲಿಲ್ಲ.

"ಕಾಲು ಎತ್ರಿ, ಎಲ್ಲಾರೂ ಕಾಲು ಎತ್ರಿ," ಅಂತ ಮಾಸ್ತರರು ಹುಕುಂ ಕೊಟ್ಟರು. ಇಡೀ ಬಸ್ಸು ಕಾಲು ಮೇಲೆತ್ತಿ ಕೂತಿತು. ಕಂಡಕ್ಟರನೂ ಬಗ್ಗಿ ಸೀಟಿನ ಕೆಳಗೆ ಹುಡುಕಿದ. ಒಂದು ಮೂಗುಬೊಟ್ಟಿನ ತಿರುಪು ಸಿಕ್ಕಿತು, ಒಂದಿಷ್ಟು ಶೇಂಗಾ ಸಿಪ್ಪೆ ಸಿಕ್ಕವು. ಒಬ್ಬ ಹಿರಿಯರು ಸಂಭ್ರಮದಿಂದ ಏನನ್ನೋ ಹೆಕ್ಕಿ ನಾಗಣ್ಣನ ಅಂಗೈಗಿಟ್ಟು, "ಇದೇ ಅಲ್ಲೇನ್ರಿ ನಿಮ್ದು?" ಅಂದರು. ಅದು ಜೋಳದ ಕಾಳು. ಗುಂಡು ಬಾಗಿಲ ಸಂದಿಯಿಂದ ಉರುಳಿ ಯಾವುದೋ ತೊಗರಿ ಹೊಲದ ಬದಿಗೆ ಬಿದ್ದು ಹೋಗಿರಬೇಕು.

ನಾಗಣ್ಣ ಡಾಕ್ಟರಿಗೆ ಫೋನ್ ಹಚ್ಚಲು ಕಿಸೆಗೆ ಕೈ ಹಾಕಿದ. ಮಾಸ್ತರರು ಆ ಕೈ ಹಿಡಿದರು.

"ಈಗ ಹೇಳಿದ್ರ ಆಕಿ ಸಿಟ್ಟಾಗ್ತಾಳ. ಎಕ್ಸ್‌ರೇ ಇವತ್ತಿಂದು ತಪ್ಪತದ. ಇಷ್ಟು ಮಂದಿ ಅದೀವಿ, ಒಂದು ಗುಂಡು ಹುಟ್ಟಸಲಾಕ ಆಗಂಗಿಲ್ಲೇನು?"

"ನಿಮ್ಮ ದೋಸ್ತ ಸಲಾವುದ್ದೀನ್ ಅದಾನಲ್ಲ," ಅಂದಳು ಮಸ್ತಾನಬಿ. "ಶಹಾಬಜಾರದಾಗ ಸೈಕಲ್ ಅಂಗಡಿ. ಸೈಕಲ್ ಗಾಲಿಯಾಗ ಇರೋದು ಏನು? ಗುಂಡೇ."

ಬಸ್ಸಿಗೆ ಬಸ್ಸೇ ಹೌದೌದು ಅಂದಿತು. ತಪ್ಪು ಮಾಡಿದವರು ತಾವೇ ಆದ್ದರಿಂದ ಅದನ್ನು ಸರಿ ಮಾಡುವ ಉತ್ಸಾಹವೂ ಅವರಿಗೆ ಹೆಚ್ಚು ಇತ್ತು.

ಶಹಾಬಜಾರದ ಓಣಿಯಲ್ಲಿ, ಮೇಲೆ ತೂಗುಹಾಕಿದ ಟೈರುಗಳ ನೆರಳಲ್ಲಿ ಸಲಾವುದ್ದೀನ್ ಕೂತಿದ್ದ. ಕಮಲಾಪುರದ ಸಾಲಿಯಲ್ಲಿ ನಾಗಣ್ಣನ ಪಕ್ಕ ಕೂತು ಮಾಸ್ತರರ ಕೈಯಿಂದ ಪೆಟ್ಟು ತಿಂದವನು. ಮಾಸ್ತರರು, ಮಸ್ತಾನಬಿಯ ಜೊತೆ ಗೆಳೆಯ ಬಂದದ್ದು ನೋಡಿ ಮೊದಲು ಚಹಾ ಹೇಳಿದ. ಚಹಾ ಮುಗಿದ ಮೇಲೆ, "ಹೇಳು ದೋಸ್ತ," ಅಂದ.

ಮಾಸ್ತರರೇ ಎಲ್ಲ ಹೇಳಿದರು. ಸಲಾವುದ್ದೀನ್ ಸೆಟ್ಟನ್ನು ತಿರುವಿ ನೋಡಿ, ಗುಂಡು ಕೂತಿದ್ದ ಮೇಣದ ಕುಳಿ ನೋಡಿ, "ಸೈಜ್ ಏನು?" ಅಂದ.

"ಐದು ಅಂದಿದ್ರು."

"ಐದು ಏನು? ನನ್ನ ಹತ್ರ ಎಲ್ಲಾ ಇಂಚಿನ ಲೆಕ್ಕ." ಅವನು ಮೂರು ಡಬ್ಬಿ ತೆರೆದು ಒಂದೊಂದು ಗುಂಡು ತೆಗೆದು ಚಿಂದಿಯ ಮೇಲಿಟ್ಟ. ಪೆಡಲಿನದು ಸಣ್ಣದು, ಮುಂದಿನ ಗಾಲಿಯದು ನಡುವಿನದು, ಹಿಂದಿನ ಗಾಲಿಯದು ದೊಡ್ಡದು.

ಮಾಸ್ತರರು ಕನ್ನಡಕ ಸರಿಮಾಡಿಕೊಂಡು ನಡುವಿನದನ್ನು ಎತ್ತಿ, "ಇದೇ ಇರಬೇಕು ನೋಡು," ಅಂದರು.

ಸಲಾವುದ್ದೀನನ ಮುಖ ಸಣ್ಣದಾಯಿತು. "ಮಾಸ್ತರ, ಎಷ್ಟೋ ದಿನಕ್ಕ ದೋಸ್ತ ನನ್ನ ಅಂಗಡಿಗೆ ಬಂದಾನ. ಬಾಯಿಬಿಟ್ಟು ಒಂದು ಗುಂಡು ಕೇಳ್ಯಾನ. ಅವಗ ನಾ ಮುಂದಿನ ಗಾಲಿದು ಕೊಡಲೇನ್ರಿ? ನಾಳೆ ಕಮಲಾಪುರದ ಮಂದಿ ಏನಂದಾರು? ಹಿಂದಿನ ಗಾಲಿದು ಹಾಕ್ತೀನಿ. ಪಾವ್ ಇಂಚು, ಅಂದ್ರ ಕಾಲು ಇಂಚು, ಅಸಲಿ ಉಕ್ಕು. ಇದರ ಮ್ಯಾಲ ಒಂದು ಕ್ವಿಂಟಲ್ ಜೋಳ ಹೇರಿದ್ರೂ ಅಳ್ಳಾಡಂಗಿಲ್ಲ."

"ಅವನ ಬಾಯಾಗ ಯಾರು ಜೋಳ ಹೇರ್ತಾರ?" ಅಂದಳು ಮಸ್ತಾನಬಿ.

ನಾಗಣ್ಣ ಅಲ್ಲಿ ಬಾಯಿ ಹಾಕಬಹುದಿತ್ತು. ಮೊದಲಿನ ಗುಂಡು ಇಷ್ಟು ದೊಡ್ಡದಿರಲಿಲ್ಲ ಅಂತ ಅವನ ಕಣ್ಣಿಗೆ ಕಾಣುತ್ತಲೇ ಇತ್ತು. ಆದರೆ ಅವನ ತಲೆಯೊಳಗೆ ಒಂದು ಸಣ್ಣ ಆಸೆ, ತಕ್ಕಡಿಯ ತಟ್ಟೆಗೆ ಕಿರುಬೆರಳು ತಾಗಿಸುವ ಕಿರಾಣಿಯವನ ಹಾಗೆ, ಮೆಲ್ಲಗೆ ಕೈ ಚಾಚಿತ್ತು. ಫೋಟೋದಲ್ಲಿ ಗುಂಡು ದೊಡ್ಡದು ಕಂಡರೆ ಎಲುಬೂ ದೊಡ್ಡದು ಅಂತಲೇ ಡಾಕ್ಟರಮ್ಮ ಲೆಕ್ಕ ಹಿಡಿಯುತ್ತಾಳಲ್ಲವೇ. ಒಂದೆರಡು ಮಿಲಿಮೀಟರ್ ಹೆಚ್ಚು ಬಂದರೆ ಯಾರಿಗೇನು ತೊಂದರೆ.

"ದೋಸ್ತನ ಮನಸ್ಸು ಯಾಕ ನೋಯಿಸಬೇಕು," ಅಂದ ನಾಗಣ್ಣ. "ದೊಡ್ಡದೇ ಹಾಕು."

ಸಲಾವುದ್ದೀನ್ ಕಡ್ಡಿ ಗೀರಿ ಮೇಣ ಕಾಯಿಸಿ, ಸೈಕಲ್ಲಿನ ಕಡ್ಡಿಯಿಂದ ಕುಳಿ ಅಗಲ ಮಾಡಿ, ಗುಂಡನ್ನು ಒತ್ತಿ ಕೂಡಿಸಿದ. ಅಂಗಿಯ ತುದಿಯಿಂದ ಒರೆಸಿದ. ಕೈಯಲ್ಲಿ ಕಸುವು ಇತ್ತು, ಕೆಲಸ ಗಟ್ಟಿ ಆಯಿತು.

ಎಕ್ಸ್‌ರೇ ಸೆಂಟರಿನಲ್ಲಿ ಸಬಾ ಎಂಬ ಹುಡುಗಿ ನಾಗಣ್ಣನನ್ನು ಮಷೀನಿನ ನಡುವೆ ನಿಲ್ಲಿಸಿ, ಗದ್ದ ಒಂದು ಪಟ್ಟಿಯ ಮೇಲಿಡಿಸಿ, "ಮುತ್ಯಾ, ಅಳ್ಳಾಡಬ್ಯಾಡ್ರಿ. ಉಗುಳು ನುಂಗಬ್ಯಾಡ್ರಿ," ಅಂದಳು. ಸೆಟ್ಟಿನಿಂದ ಗ್ರೀಸಿನ ರುಚಿ ನಾಲಗೆಯ ಮೇಲೆಲ್ಲ ಹರಡುತ್ತಿತ್ತು. ಹಳೆಯ ಸೈಕಲ್ಲೊಂದನ್ನು ಸಾವಕಾಶವಾಗಿ ಚೀಪಿದ ಹಾಗೆ. ಮಷೀನು ಹರಕೆಗೆ ಬಂದವರಂತೆ ಅವನ ತಲೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿತು. ನಾಗಣ್ಣ ಕಣ್ಣು ಮುಚ್ಚಿ ಶರಣಬಸಪ್ಪನನ್ನು ನೆನೆದ. ತಪ್ಪು ಮಾಡಿ ನೆನೆಯುತ್ತಿದ್ದೇನಲ್ಲ ಅನಿಸಿ, ನಡುವೆಯೇ ಬಿಟ್ಟ.

ಮೂವರೂ ಒಂದೇ ಬಸ್ಸಿಗೆ ಕಮಲಾಪುರಕ್ಕೆ ವಾಪಸಾದರು. ಮಾಸ್ತರರಿಗೂ ಮಸ್ತಾನಬಿಗೂ ದವಾಖಾನೆಯಲ್ಲಿ ಕೆಲಸವಿರಲಿಲ್ಲ. ಆದರೂ ಇಬ್ಬರೂ ನಾಗಣ್ಣನಿಗಿಂತ ಮುಂಚೆ ಒಳಗೆ ಹೋಗಿ ಕೂತರು. ಮಸ್ತಾನಬಿ, "ನನಗೂ ಒಂದು ದವಡಿಹಲ್ಲು ನೋಯಾಕತ್ತದ, ತೋರಿಸಿ ಹೋಗ್ತೀನಿ," ಅಂತ ಅಲ್ಲೇ ಒಂದು ನೋವು ಹುಟ್ಟಿಸಿಕೊಂಡಳು.

ಅಂಜನಾ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದಳು. ಕಪ್ಪು ಹಾಳೆಯ ಮೇಲೆ ನಾಗಣ್ಣನ ದವಡೆ ಕುದುರೆ ಲಾಳದ ಹಾಗೆ ಬೆಳ್ಳಗೆ ಕಾಣುತ್ತಿತ್ತು. ಅದರ ಮೇಲೆ ಗುಂಡು, ಹುಣ್ಣಿಮೆಯ ಚಂದ್ರನ ಹಾಗೆ. ಅವಳು ಮೊದಲು ಗುಂಡಿಗೆ ಪಟ್ಟಿ ಹಿಡಿದಳು.

"ಎಂಟರ ಹತ್ರ ಬಂತಲ್ಲ. ಐದರದ್ದು ಆರು ಚಿಲ್ಲರಿ ಬರ್ತಿತ್ತು. ಈ ಸರ್ತಿ ಮಷೀನು ಭಾಳೇ ಉಬ್ಬಿಸ್ಯಾದ."

ನಾಗಣ್ಣ ಒಳಗೊಳಗೇ ಹಿಗ್ಗಿದ. ಉಬ್ಬಲಿ, ಉಬ್ಬಲಿ.

ಅವಳು ಎಲುಬಿಗೆ ಪಟ್ಟಿ ಹಿಡಿದಳು. ಫೋನಿನಲ್ಲಿ ಗುಣಾಕಾರ ಮಾಡಿದಳು, ಭಾಗಾಕಾರ ಮಾಡಿದಳು. ಇನ್ನೊಂದು ಸಲ ಮಾಡಿದಳು. ಆಮೇಲೆ ಖುರ್ಚಿಯನ್ನು ನಾಗಣ್ಣನ ಹತ್ತಿರ ಎಳೆದುಕೊಂಡಳು. ಡಾಕ್ಟರರು ಖುರ್ಚಿ ಹತ್ತಿರ ಎಳೆದುಕೊಂಡರೆ ಸುದ್ದಿ ಚಲೋದು ಇರುವುದಿಲ್ಲ.

"ಹತ್ತು, ಕಾಕಾ. ಹನ್ನೆರಡು ಬೇಕಾಗಿತ್ತು. ಹತ್ತರಾಗ ನಾ ಸ್ಕ್ರೂ ಹಾಕಂಗಿಲ್ಲ. ನಾ ಅಂದುಕೊಂಡಿದ್ದಕ್ಕಿಂತ ಎಲುಬು ಭಾಳ ಹೋಗ್ಯಾದ."

ನಾಗಣ್ಣ ಮಾಸ್ತರರ ಮುಖ ನೋಡಿದ. ದಿನವೆಲ್ಲ ಪಾಠ ಹೇಳಿದ ಮಾಸ್ತರರು ಈಗ ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಹುಡುಕುತ್ತಿದ್ದರು. ಸೈಕಲ್ಲಿನ ಗುಂಡಿನ ಮಾತು ನಾಗಣ್ಣನ ನಾಲಗೆಯ ತುದಿಗೆ ಬಂತು. ಹೇಳಿದರೆ, ದೊಡ್ಡದು ಯಾಕೆ ಹಾಕಿಸಿದಿರಿ ಅಂತ ಅವಳು ಕೇಳುತ್ತಾಳೆ. ಅದಕ್ಕೆ ಉತ್ತರ ಇತ್ತು, ಹೇಳುವಂಥದ್ದಾಗಿರಲಿಲ್ಲ. ಅಲ್ಲದೆ, ದೊಡ್ಡ ಗುಂಡು ಹಾಕಿಯೂ ಹತ್ತೇ ಬಂದಿದೆ ಅಂದಮೇಲೆ ಸಣ್ಣದು ಹಾಕಿದ್ದರೆ ಎಂಟೋ ಏಳೋ ಬರುತ್ತಿತ್ತು. ಹೇಳಿ ಇದ್ದ ಮರ್ಯಾದೆಯನ್ನೂ ಯಾಕೆ ಸವೆಸಿಕೊಳ್ಳಬೇಕು.

"ಸೆಟ್ಟು ಇಲ್ಲೇ ಇರ್ಲಿ ಕಾಕಾ. ಮೇಣ ತಗದು ತೊಳದು ಇಡ್ತೀನಿ. ಏನೋ ಎಣ್ಣಿ ವಾಸನಿ ಬರಾಕತ್ತದ," ಅಂದಳು ಅಂಜನಾ.

ನಾಗಣ್ಣ ಎದ್ದ. ಮಾಸ್ತರರು ಕ್ಯಾಲೆಂಡರು ಬಿಟ್ಟು ಅವನಿಗಿಂತ ಮುಂಚೆ ಹೊರಬಿದ್ದು, ದೊಡ್ಡ ಹೆಜ್ಜೆ ಹಾಕಿ ಹೋದರು. ಮಸ್ತಾನಬಿ ತನ್ನ ಹೊಸ ಹಲ್ಲುನೋವು ತೋರಿಸಲು ಖುರ್ಚಿ ಹತ್ತಿದಳು.

ದವಾಖಾನೆಯಿಂದ ಬಸ್ ಸ್ಟ್ಯಾಂಡಿಗೆ ದೂರ ಏನಿಲ್ಲ. ಆದರೆ ಸುದ್ದಿ ಮಾಸ್ತರರ ಕಾಲ ಮೇಲೆ ಮುಂದೆ ಹೋಗಿತ್ತು. ಚಹಾದ ಅಂಗಡಿಯವನು, "ಎಲುಬು ಸವದದಂತಲ್ಲ ನಾಗಣ್ಣ," ಅಂದ. ಹಜಾಮತಿ ಅಂಗಡಿಯವನು ಹೊರಗೆ ಬಂದು, "ದವಡಿ ಎಲುಬೇ ಇಲ್ಲಂತ? ಮತ್ತ ಗದ್ದ ಯಾವುದರ ಮ್ಯಾಲ ನಿಂತದ?" ಅಂತ ಕಾಳಜಿಯಿಂದ ಕೇಳಿದ. ಬಾಳೆಹಣ್ಣಿನ ಗಾಡಿಯವನು ಒಂದು ಕೆಂಪು ಬಾಳೆಹಣ್ಣು ಕೈಗಿಟ್ಟು, "ಇನ್ನ ಮ್ಯಾಲ ಇದೇ ತಿನ್ನಪ್ಪ," ಅಂದು ಕಣ್ಣೊರೆಸಿಕೊಂಡ. ಇನ್ನು ನಾಲ್ಕು ಅಂಗಡಿ ದಾಟಿದ್ದರೆ ಯಾರಾದರೂ ಹೂವಿನ ಹಾರ ತರುತ್ತಿದ್ದರು.

ಸೂಗಮ್ಮ ಒಲೆಯ ಮುಂದಿನಿಂದ ಗಂಡನ ಮುಖ ನೋಡಿ, ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. ಅವಳು ಬೈದಿದ್ದರೆ ನಾಗಣ್ಣನಿಗೆ ಹಗುರಾಗುತ್ತಿತ್ತು. ಅವನು ತಾನಾಗಿಯೇ ಹಿತ್ತಲಿನ ಕಡೆ ತಿರುಗಿದ.

"ಮುಂಜಾನಿಂದ ಏನೂ ತಿಂದಿಲ್ಲ ನೀವು. ಅಲ್ಲೇ ಹೊರಗ ಗಾಳಿಗೆ ಕೂಡ್ರಿ," ಅಂದಳು ಸೂಗಮ್ಮ.

ಅಂಗಡಿಯ ಮುಂದಿನ ಬೆಂಚಿನ ಮೇಲೆ ಅವನು ಕೂತ. ಅವಳು ಗಂಗಾಳದ ತುಂಬ ಬಿಸಿ ತೊಗರಿಬ್ಯಾಳಿ, ಮೇಲೆ ಎರಡು ಖಡಕ್ ರೊಟ್ಟಿ ತಂದು ಅವನ ತೊಡೆಯ ಮೇಲಿಟ್ಟಳು. ಒಂದೇ ಎತ್ತು ಕಟ್ಟಿದ ಗಾಡಿಯಂತೆ ಮೇಲಿನ ಸೆಟ್ಟೊಂದರಿಂದ ಏನು ಉಪಯೋಗ. ನಾಗಣ್ಣ ಅದನ್ನೂ ತೆಗೆದು ಕಿಸೆಗೆ ಹಾಕಿದ. ರೊಟ್ಟಿಯನ್ನು ಬೇಳೆಯಲ್ಲಿ ಮುರಿದು ಒತ್ತಿ, ತುಸು ಹೊತ್ತು ಕಾದ. ಸೂಗಮ್ಮನ ರೊಟ್ಟಿ ಹಪ್ಪಳಕ್ಕಿಂತ ತೆಳುವು, ಬೇಳೆ ಕುಡಿದು ಕೆನೆಯ ಹಾಗಾಯಿತು. ಒಂದು ತುತ್ತು ಬಾಯಿಗಿಟ್ಟ. ಒಸಡಿನಿಂದ ಒಂದು ಸಲ ಒತ್ತಿದ, ಕರಗಿತು. ಅವನ ಕಣ್ಣಲ್ಲಿ ನೀರು ಬಂತು. ಗಲ್ಲಾ ಹೋದ ದುಃಖ ಎಷ್ಟೋ, ಹಸಿವು ಎಷ್ಟೋ, ಬೇಳೆಯ ಖಾರ ಎಷ್ಟೋ, ಬೇರೆ ಮಾಡಿ ಹೇಳುವುದು ಕಷ್ಟ. ಕಣ್ಣು ಮುಚ್ಚಿ, ಗದ್ದ ಮೂಗಿಗೆ ತಾಗುವ ಹಾಗೆ ಬಾಯಾಡಿಸುತ್ತ, ಇಡೀ ಲೋಕ ಮರೆತು ಅವನು ಉಣ್ಣತೊಡಗಿದ.

ಕಣ್ಣು ತೆರೆದರೆ ಎದುರಿಗೆ ಒಬ್ಬ ಮುದುಕಿ ನಿಂತಿದ್ದಳು. ಅವಳ ಹಿಂದೆ ಇನ್ನೂ ಹತ್ತು ಹನ್ನೆರಡು ಹಿರಿಯರು. ಶರಣಬಸವೇಶ್ವರ ಗುಡಿಗೆ ಹೋಗಿ ಹುಮನಾಬಾದ ಕಡೆಗೆ ತಿರುಗಿದ್ದ ಟೆಂಪೋ ಒಂದು ಚಹಾಕ್ಕೆ ನಿಂತಿತ್ತು.

"ತಮ್ಮ, ನಿನಗ ಹಲ್ಲು ಅವೇನು?" ಅಂದಳು ಮುದುಕಿ.

ನಾಗಣ್ಣ ಬಾಯಲ್ಲಿ ತುತ್ತು ಇದ್ದದ್ದರಿಂದ ಮಾತಾಡದೆ ಬಾಯಿ ತೆರೆದು ತೋರಿಸಿದ. ಮುದುಕಿ ಬಗ್ಗಿ, ಬಾವಿಯೊಳಗೆ ನೋಡಿದಂತೆ ನೋಡಿದಳು.

"ಒಂದೂ ಇಲ್ಲ," ಅಂತ ಹಿಂದಿನವರಿಗೆ ವರದಿ ಕೊಟ್ಟಳು. "ಹಲ್ಲಿಲ್ಲದ ಗಂಡಸು ಖಡಕ್ ರೊಟ್ಟಿ ತಿನ್ನಾಕತ್ತಾನ."

"ಬ್ಯಾಳ್ಯಾಗ ಹಾಕಿದ್ರ ಬೆಣ್ಣಿ ಆಗ್ತದ ಯವ್ವಾ," ಅಂದ ನಾಗಣ್ಣ ನುಂಗಿ. "ನನ್ನ ಹೆಂಡತಿ ಕೈ ಅಷ್ಟು ತೆಳುವು."

"ರೊಟ್ಟಿ ತಿಂದು ನನಗ ಎಷ್ಟು ವರ್ಷ ಆಯ್ತೋ ಶಿವನೇ. ಮನ್ಯಾಗ ಬರೇ ಅನ್ನ ಮಾಡಿ ಹಾಕ್ತಾರ," ಅಂದರು ಹಿಂದಿನಿಂದ ಒಬ್ಬ ಮುತ್ಯಾ. ಅವರ ಬಾಯೂ ಖಾಲಿ. "ಇವಾ ತಿಂದಾನಂದ್ರ ನಮಗೇನಾಗ್ಯಾದ? ಹಾಕ್ರಿ ನನಗೊಂದು."

ಆಮೇಲೆ ನಡೆದದ್ದನ್ನು ನಾಗಣ್ಣ ಬೆಂಚಿನ ಮೇಲಿಂದಲೇ ನೋಡಿದ. ಟೆಂಪೋ ಖಾಲಿಯಾಯಿತು. ಹಿರಿಯರೆಲ್ಲ ಕಟ್ಟೆಯ ಮೇಲೆ ಸಾಲಾಗಿ ಕೂತು, ಗಂಗಾಳದಲ್ಲಿ ರೊಟ್ಟಿ ಮುರಿದು, ನಾಗಣ್ಣ ಮಾಡಿದಂತೆಯೇ ಒತ್ತಿ, ಕಾದು, ಬಾಯಿಗಿಟ್ಟರು. ಕಣ್ಣು ಮುಚ್ಚಿದರು. ರಸ್ತೆಯಲ್ಲಿ ಹೋಗುವವರು ಈ ಸಾಲು ನೋಡಿ ನಿಂತರು. ಅವರವರ ಮನೆಯಲ್ಲೂ ಹಲ್ಲಿಲ್ಲದ ಅವ್ವಂದಿರು ಅಪ್ಪಂದಿರು ಇದ್ದರು, ಅವರಿಗಾಗಿ ಕಟ್ಟಿಸಿಕೊಂಡರು. ರೊಟ್ಟಿಯ ಬುಟ್ಟಿ ತಳ ಕಂಡಿತು. ಮುದುಕಿ ಹೋಗುವ ಮುಂಚೆ ಸೂಗಮ್ಮನ ಕೈ ಹಿಡಿದು, "ಮುಂದಿನ ಸೋಮವಾರ ಮತ್ತ ಬರ್ತೀವಿ, ಎರಡು ಟೆಂಪೋ ತರ್ತೀನಿ," ಅಂದು ಹೋದಳು. ಅಮರನಾಥ ಗಲ್ಲಾದ ಮೇಲಿಂದ ಒಮ್ಮೆ ಖಾಲಿ ಬುಟ್ಟಿಯನ್ನು, ಒಮ್ಮೆ ಮಾಮನ ಬಾಯನ್ನು ನೋಡುತ್ತ ಮೀಸೆ ಸವರಿಕೊಂಡ.

ಅಷ್ಟರಲ್ಲಿ ದವಾಖಾನೆಯ ಕಡೆಯಿಂದ ಅಂಜನಾ ಬಂದಳು. ಕೈಯಲ್ಲಿ ಎಕ್ಸ್‌ರೇ, ಹಿಂದೆ ಏದುಸಿರು ಬಿಡುತ್ತ ಮಸ್ತಾನಬಿ.

"ಕಾಕಾ, ಸೈಕಲ್ ಗುಂಡು ಹಾಕಿಸಿದ್ದಿರಂತ. ಯಾಕ ಹೇಳಲಿಲ್ಲ?"

ನಾಗಣ್ಣ ಗಂಗಾಳದೊಳಗೆ ಮುಖ ಹಾಕಿದ.

"ನಾನೇ ಹೇಳಿದೆ," ಅಂದಳು ಮಸ್ತಾನಬಿ. "ನನ್ನ ಬಾಯಾಗ ಕನ್ನಡಿ ಇಟ್ಟು, ಏನರ ಗಟ್ಟಿ ಕಡದಿರೇನು ಅಂತ ಕೇಳಿದ್ರು. ಗಟ್ಟಿ ಅಂದಕೂಡ್ಲೇ ನನಗ ಗುಂಡು ನೆನಪಾಯ್ತು. ಬಾಯಿ ಬಿಟ್ಟೇ ಇತ್ತು, ಮಾತು ಹೊರಗ ಬಂತು."

"ಸಲಾವುದ್ದೀನ್ ಕಾಕಾಗ ಫೋನ್ ಮಾಡಿ ಸೈಜ್ ಕೇಳಿದೆ," ಅಂದಳು ಅಂಜನಾ. "ಪಾವ್ ಇಂಚು ಅಂದ್ರ ಆರು ಮಿಲಿಮೀಟರ್ ದಾಟತದ. ನಾ ಐದು ಅಂತ ತಿಳಕೊಂಡು ಲೆಕ್ಕ ಹಾಕಿದ್ದೆ. ಗುಂಡು ದೊಡ್ಡದಿದ್ರ ಎಲುಬು ಸಣ್ಣದು ಬರ್ತದ ಕಾಕಾ, ಲೆಕ್ಕ ಉಲ್ಟಾ ಅದ. ದೊಡ್ಡದು ಹಾಕ್ಸಿ ನಿಮ್ಮ ಎಲುಬು ನೀವೇ ಕಡಿಮಿ ಮಾಡಿಕೊಂಡ್ರಿ. ಖರೇ ಅಳತಿ ಹದಿಮೂರು."

"ಹದಿಮೂರು," ಅಂದ ನಾಗಣ್ಣ.

"ಹದಿಮೂರು. ಸ್ಕ್ರೂ ಆರಾಮ ಕೂಡತಾವ. ಐದರ ಗುಂಡು ಹಾಕಿ ಮತ್ತೊಮ್ಮೆ ಫೋಟೋ ತಗದು ಖಾತ್ರಿ ಮಾಡ್ಕೊಂಡು, ಮುಂದಿನ ವಾರ ಶುರು ಮಾಡೂಣು."

ನಾಗಣ್ಣ ಗಂಗಾಳ ಬದಿಗಿಟ್ಟು ಎದ್ದು ನಿಂತ. ಬೆನ್ನು ತಾನಾಗಿಯೇ ನೆಟ್ಟಗಾಯಿತು. ಕಿಸೆಯಿಂದ ಮೇಲಿನ ಸೆಟ್ಟು ತೆಗೆದು ಅಂಗಿಗೆ ಒರೆಸಿ ಬಾಯಿಗೆ ಹಾಕಿಕೊಂಡು, ಹೆಂಡತಿಯ ಕಡೆ ತಿರುಗಿ, "ಕೇಳಿದಿಲ್ಲ? ಹದಿಮೂರು," ಅಂದ. ಗಲ್ಲಾದ ಕಡೆ ಒಂದು ಹೆಜ್ಜೆಯನ್ನೂ ಇಟ್ಟ.

ಸೂಗಮ್ಮ ಸೆರಗಿಗೆ ಕೈ ಒರೆಸಿಕೊಂಡು ಖಾಲಿ ಬುಟ್ಟಿ ನೋಡಿದಳು. ಕಟ್ಟೆಯ ಮೇಲೆ ಇನ್ನೂ ಉಳಿದ ಗಂಗಾಳಗಳನ್ನು ನೋಡಿದಳು.

"ಡಾಕ್ಟರಮ್ಮ, ಆ ಸ್ಕ್ರೂ ಈಗ ಬ್ಯಾಡ್ರಿ."

"ಯಾಕ್ರಿ ಕಾಕಿ?"

"ಹಲ್ಲಿದ್ದವ ರೊಟ್ಟಿ ತಿಂದ್ರ ಯಾರು ನಿಂತು ನೋಡ್ತಾರ್ರಿ? ಹಲ್ಲಿದ್ದವರು ಊರ ತುಂಬ ಅದಾರ. ಈ ಸಾಲಿನ್ಯಾಗ ಎಲ್ಲಾ ಅಂಗಡ್ಯಾಗೂ ಕಟಂ ಅಂತ ಕಡ್ಯಾವರೇ ಕುಂತಾರ. ಹಲ್ಲಿಲ್ಲದವ ನಮ್ಮ ಅಂಗಡ್ಯಾಗ ಒಬ್ಬನೇ."

"ಖಾಲಿ ಬಿಟ್ರ ಎಲುಬು ಇನ್ನೂ ಸವೀತದ ಕಾಕಿ."

"ಸವೀಲಿ ಬಿಡ್ರಿ. ಹನ್ನೆರಡು ಸಾಕು ಅಂದೀರಿ, ಹದಿಮೂರು ಅದ. ಒಂದು ಮಿಲಿಮೀಟರ್ ಧಾರಾಳ ಉಳದದಲ್ಲ. ಅದು ತೀರೋತನ ನಡೀಲಿ. ನೀವು ಆಗಾಗ ಅಳದು ನೋಡ್ರಿ, ಹನ್ನೆರಡಕ್ಕ ಬಂದಾಗ ಹೇಳಿ ಕಳಸ್ರಿ. ಹಾಕ್ಸೂಣು."

ಅಂಜನಾಗೆ ಕಾಲೇಜಿನಲ್ಲಿ ಇಂಥ ಲೆಕ್ಕ ಕಲಿಸಿರಲಿಲ್ಲ. ಅಲ್ಲಿ ಒಲೆಯ ಮೇಲೆ ಬೇಳೆ ಕುದಿಯುತ್ತಿತ್ತು, ವಾಸನೆ ಚಲೋ ಇತ್ತು. ಮಸ್ತಾನಬಿ ಅವಳನ್ನು ಕೈ ಹಿಡಿದು ಕಟ್ಟೆಯ ಮೇಲೆ ಕೂಡಿಸಿದಳು.

"ಮತ್ತ ಗಲ್ಲಾ?" ಅಂದ ನಾಗಣ್ಣ. "ಅಳತಿ ಬಂದ್ರ ಗಲ್ಲಾ ನಂದು ಅಂದಿದ್ದಿ."

ಸೂಗಮ್ಮ ಕಟ್ಟೆಯ ಮೇಲಿನ ಗಂಗಾಳ ಎತ್ತತೊಡಗಿದಳು. ಕೊಟ್ಟ ಮಾತು ಅವಳಿಗೂ ನೆನಪಿತ್ತು. ಅವಳ ಬದಲು ಅಮರನಾಥ ಗಾದಿಯಿಂದ ಇಳಿದು ಬಂದ. ನಾಗಣ್ಣನ ಎದೆ ಒಂದು ಗಳಿಗೆ ಹಗುರಾಯಿತು.

"ಗಲ್ಲಾದಾಗ ಕುಂತ್ರ ಬರಣಿಗಳ ಹಿಂದ ನೀವು ಯಾರಿಗೆ ಕಾಣ್ತೀರಿ ಮಾಮಾ?" ಅನ್ನುತ್ತ ಅವನು ಬೆಂಚಿನ ಒಂದು ತುದಿ ಹಿಡಿದು ರಸ್ತೆಯ ಅಂಚಿಗೆ, ಬಸ್ಸುಗಳು ನಿಲ್ಲುವ ಕಡೆಗೆ ಎಳೆದು ಹಾಕಿ, ಮತ್ತೆ ಗಾದಿಗೆ ಹೋಗಿ ಕೂತ. ಸೂಗಮ್ಮ ಹೊಸ ಗಂಗಾಳದಲ್ಲಿ ಬೇಳೆ ತುಂಬಿ ತಂದಳು. ಹಿತ್ತಲಿಗೆ ಹೋಗಿ ಹಿಂಡಿಯನ್ನಾದರೂ ಕುಟ್ಟುತ್ತೇನೆ ಅಂತ ಹೇಳಲು ನಾಗಣ್ಣ ಬಾಯಿ ತೆರೆದ. ಅವಳು ಅದೇ ಸಂದು ನೋಡಿ ಅಂಗೈ ಚಾಚಿದಳು. ಅವನು ಮೇಲಿನ ಸೆಟ್ಟು ತೆಗೆದು ಅವಳ ಕೈಗಿಟ್ಟ. ಅವಳು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಒಲೆಯ ಕಡೆ ನಡೆದಳು.

ದೂರದ ತಿರುವಿನಲ್ಲಿ ಹಾರ್ನ್ ಕೇಳಿಸಿತು. ನಾಗಣ್ಣನ ಹೊಟ್ಟೆ ಆಗಲೇ ತುಂಬಿತ್ತು.

"ಮಾಮಾ," ಅಂದ ಅಮರನಾಥ ಗಲ್ಲಾದ ಮೇಲಿಂದ, "ಹುಮನಾಬಾದ ಬಸ್ಸು ಬಂತು. ಬಾಯಿ ತೆಗೀರಿ."